ಬರಿದಾಗದ ಬೋಗುಣಿ

ಗಂಡನ ಅಂತ್ಯಕ್ರಿಯೆಯ ಮರುದಿನ ಬೆಳಿಗ್ಗೆ ರೂಢಿಯಂತೆ ಎರಡು ಕಪ್ ಚಹಾ ಮಾಡಿಬಿಟ್ಟೆ. ಅಷ್ಟರಲ್ಲಿ ಡೆಸ್ಮಂಡ್ ಬಂದ. ಎರಡನೆಯದನ್ನು ಅವನ ಮುಂದಿಟ್ಟೆ.

ಈ ದ್ವೀಪದೇಶದ ರಾಜಧಾನಿ ಸುವಾದ ನಮ್ಮ ರಾಯಭಾರ ಕಚೇರಿಯಲ್ಲಿ ಡೆಸ್ಮಂಡ್ ಗುಪ್ತಚರ ಅಧಿಕಾರಿ, ನನ್ನ ಗಂಡ ಅಲಿಸ್ಟರ್ ರಾಜತಾಂತ್ರಿಕ. ಇಬ್ಬರಿಗೂ ಆಗುತ್ತಿರಲಿಲ್ಲ. ಡೆಸ್ಮಂಡನ ಕೋಣೆಯಲ್ಲಿ ಅಲಂಕಾರಕ್ಕಿದ್ದ ಮರದ ಬೋಗುಣಿಯನ್ನು ಅಲಿಸ್ಟರ್ ಕೇಳಿ ತಂದು, ಪ್ರತಿ ಶುಕ್ರವಾರ ಸಂಜೆ ನಮ್ಮ ಜಗುಲಿಯಲ್ಲಿ ಇಲ್ಲಿನ ಸೈನಿಕರ ಜೊತೆ ಕಾವಾ ಎಂಬ ಕೆಸರು ಬಣ್ಣದ, ಅಮಲೇರಿಸುವ ಬೇರಿನ ಪಾನೀಯ ಕುಡಿಯುತ್ತಿದ್ದ. ಬೋಗುಣಿ ಬರಿದಾಗುವವರೆಗೆ ಯಾರೂ ಏಳುವಂತಿಲ್ಲ. ಕಳೆದ ತಿಂಗಳು ಎಲ್ಲರೂ ಒಂದೇ ಸುತ್ತಿಗೆ ಎದ್ದು ಹೋದರು. ಅಮಲೇರದಂತೆ ಇರಲು ಇವರಿಗೆ ಅಪ್ಪಣೆಯಾಗಿದೆ, ಸರ್ಕಾರ ಉರುಳಿಸಲಿದ್ದಾರೆ ಎಂದು ಅಲಿಸ್ಟರ್ ವರದಿ ಬರೆದ.

"ಕೆಸರುನೀರಲ್ಲಿ ಭವಿಷ್ಯ ನೋಡ್ತಾನೆ," ಎಂದು ನಕ್ಕು ಡೆಸ್ಮಂಡ್ ಆ ವರದಿ ಮೇಲಿನವರಿಗೆ ಹೋಗದಂತೆ ತಡೆದ.

ಹತ್ತೇ ದಿನಕ್ಕೆ ಸೈನಿಕರು ಸಂಸತ್ತಿಗೆ ನುಗ್ಗಿದರು. ಆ ವಾರವೇ ಅಲಿಸ್ಟರ್ ಡೆಂಗಿ ಜ್ವರದಲ್ಲಿ ತೀರಿಕೊಂಡ.

"ಆ ವರದಿಯ ಪ್ರತಿ ಮನೇಲಿದೆಯಾ, ಮೊಯ್ರಾ?" ಡೆಸ್ಮಂಡ್ ಕೇಳಿದ.

"ಇದೆ."

"ನನಗೆ ಕೊಟ್ಟುಬಿಡು. ನಮಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂತ ವಿಚಾರಣೆಗೆ ಜನ ಬರ್ತಿದಾರೆ. ಸತ್ತವನಿಗೆ ಅದರಿಂದ ಏನಾಗಬೇಕು?"

"ಅವನಿಗೇನೂ ಬೇಡ. ಬಂದವರ ಕೈಗೆ ನಾನೇ ಕೊಡ್ತೀನಿ. ನನ್ನ ಗಂಡ ಸರಿಯಾಗಿ ನೋಡಿದ್ದ ಅಂತ ಅವರು ಬರ್ಕೊಳ್ಳಲಿ."

ಅವನು ಚಹಾ ಮುಟ್ಟಲಿಲ್ಲ. ನಾನು ಒಳಗೆ ಹೋಗಿ, ಬೋಗುಣಿಯನ್ನು ತೊಳೆದು ಒರೆಸಿ ತಂದು ಅವನ ತೊಡೆಯ ಮೇಲಿಟ್ಟೆ.

"ಇದು ನಿನ್ನದು, ತಗೊಂಡು ಹೋಗು. ಅವನು ಭವಿಷ್ಯ ನೋಡಿದ್ದು ಇದರಲ್ಲೇ."