ಹಿಂಡಿದ ಕೈ

ಒಣಮೀನು, ಮೆಣಸು, ಹಿತ್ತಲ ಸೊಪ್ಪು ಕಟ್ಟಿಕೊಂಡು ಉಗೋಯೆ ಮಗಳ ಬಾಣಂತನಕ್ಕೆ ಆಬಾ ಪಟ್ಟಣಕ್ಕೆ ಬಂದಳು. ಬಂದ ದಿನದಿಂದಲೇ ಅಡುಗೆಮನೆಯಿಂದ ಬಚ್ಚಲವರೆಗೂ ಅವಳದೇ ದರಬಾರು. ಐದು ಹೆತ್ತವಳು, ಊರ ತುಂಬ ಕೂಸುಗಳಿಗೆ ನೀರೆರೆದವಳು. ಅವಳಿಗೆ ಎದುರಾಡುವಷ್ಟು ಧೈರ್ಯ ಅಳಿಯನಿಗೂ ಇರಲಿಲ್ಲ.

ಮಗಳು ಅಕುನ್ನ ಬಲಗಡೆಯಿಂದ ಮಾತ್ರ ಹಾಲೂಡಿಸುತ್ತಿದ್ದಳು. ಎಡಗಡೆಯ ಮೊಲೆ ಅವಳಿಗೆ ಬೆಳೆದೇ ಇರಲಿಲ್ಲ. ದೇವರು ಕೊಟ್ಟಿದ್ದೇ ಅಷ್ಟು ಎಂದು ಉಗೋಯೆ ಮೊದಲಿಂದಲೂ ಸಮಾಧಾನ ಹೇಳಿಕೊಂಡು ಬಂದಿದ್ದಳು.

ಎಂಟನೆಯ ದಿನ ಹೆಣ್ಣುಕೂಸಿನ ಎದೆ ಹಾಲು ತುಂಬಿ ಉಬ್ಬಿತ್ತು. ಆಗಷ್ಟೇ ಹುಟ್ಟಿದ ಮಕ್ಕಳಲ್ಲಿ ಅದು ಇದ್ದದ್ದೇ, ಬಿಟ್ಟರೆ ತಾನಾಗಿ ಇಳಿಯುತ್ತದೆ. ಆದರೆ ಉಗೋಯೆಯ ಕೈ ಸುಮ್ಮನಿರಬೇಕಲ್ಲ.

“ಈ ಕೆಟ್ಟ ಹಾಲು ತೆಗೀದೆ ಬಿಟ್ರೆ ನಾಳೆ ಇವಳು ಹೆತ್ತ ಮಕ್ಕಳಿಗೂ ಈ ಕೆಟ್ಟ ಹಾಲೇ ಗತಿ,” ಎಂದು ಬೆರಳನ್ನು ಬಿಸಿನೀರಿಗದ್ದಿ ಹಿಂಡಿದಳು. ಎರಡು ಹನಿ ಬಂತು. ಕೂಸು ಉಸಿರು ಕಟ್ಟಿ ಅತ್ತಿತು.

“ಸಾಕು ಬಿಡಮ್ಮ, ನೋಯ್ತದೆ ಅದಕ್ಕೆ,” ಎಂದಳು ಅಕುನ್ನ.

“ನಿಂಗೂ ಹಿಂಡಿದ್ದೆ ಕಣೇ. ಸತ್ತುಹೋದ್ಯಾ?”

ಹತ್ತನೆಯ ದಿನ ಕೂಸಿನ ಎದೆ ಎಡಗಡೆ ಕೆಂಪಾಗಿ ಸುಡತೊಡಗಿತು. ಉಗೋಯೆ ಬಿಸಿ ಬಟ್ಟೆಯ ಶಾಖ ಕೊಟ್ಟಳು. ಹನ್ನೆರಡನೆಯ ದಿನಕ್ಕೆ ಕೆಂಪು ಕಪ್ಪಾಗಿ ಕಂಕುಳ ತನಕ ಹರಡಿತು. ಕೂಸು ಮೊಲೆಗೆ ಬಾಯಿ ಹಾಕಲಿಲ್ಲ. ಆಗ ಅಳಿಯ ಯಾರನ್ನೂ ಕೇಳದೆ ಆಸ್ಪತ್ರೆಗೆ ಎತ್ತಿಕೊಂಡು ಓಡಿದ. ತಾಯಿ ಮಗಳು ಅವನ ಹಿಂದೆಯೇ ಹೋದರು.

“ಎದೆ ಯಾರಾದ್ರೂ ಹಿಂಡಿದ್ರಾ?” ಡಾಕ್ಟರಮ್ಮ ಕೇಳಿದಳು.

ಉಗೋಯೆ ನೆಲ ನೋಡಿದಳು.

“ಕೊಳೆತ ಚರ್ಮಾನೆಲ್ಲ ಕತ್ತರಿಸಿ ತೆಗೀಬೇಕು. ವಿಷ ರಕ್ತಕ್ಕೆ ಇಳಿದಿದೆ. ಉಳಿಯೋದೇ ಕಷ್ಟ. ಉಳಿದ್ರೂ ದೊಡ್ಡವಳಾದಾಗ ಈ ಕಡೆ ಎದೆ ಬೆಳೆಯೋದಿಲ್ಲ.”

ಅಕುನ್ನಳ ಕೈ ಮೆಲ್ಲಗೆ ತನ್ನ ಎಡಗಡೆಗೆ ಹೋಯಿತು. ತಾಯಿಯತ್ತ ತಿರುಗಿದಳು.

“ಅಮ್ಮ, ನಂಗೂ ಹಿಂಗೇ ಆಗಿತ್ತಾ?”

ಮೂವತ್ತು ವರ್ಷದ ಹಿಂದೆ, ಹಿಂಡಿದ ಮೇಲೆ ಕೂಸು ಅಕುನ್ನಳ ಎಡ ಎದೆಯಲ್ಲಿ ಎದ್ದಿದ್ದ ಕುರು ಉಗೋಯೆಗೆ ನೆನಪಾಯಿತು. ಎಲೆ ಕಟ್ಟಿದ್ದಳು, ಒಡೆದು ಮಾಯ್ದಿತ್ತು. ಅದಕ್ಕೂ ಬೆಳೆಯದ ಮೊಲೆಗೂ ನಂಟು ಹಾಕಿ ಅವಳು ಯಾವತ್ತೂ ನೋಡಿರಲಿಲ್ಲ.

“ಹೂಂ. ನಿಂದೂ ನಾನೇ ಹಿಂಡಿದ್ದು, ಇದರದೂ ನಾನೇ,” ಎಂದಳು.

ಮರುದಿನ ಮಧ್ಯಾಹ್ನ ಕೂಸು ತೀರಿಕೊಂಡಿತು.

ಮಣ್ಣು ಮಾಡಿ ಬಂದ ಮೇಲೆ ಅಕುನ್ನಳ ಬಲಗಡೆ ಹಾಲು ಕಟ್ಟಿಕೊಂಡು ಕಲ್ಲಾಯಿತು, ರವಿಕೆ ಒದ್ದೆಯಾಯಿತು. ಉಗೋಯೆ ಬಿಸಿನೀರು ತಂದಿಟ್ಟು, ಅಭ್ಯಾಸಬಲದಿಂದ ಕೈ ಚಾಚಿದಳು.

“ಮುಟ್ಬೇಡ,” ಎಂದು ಅಕುನ್ನ ಗೋಡೆಗೆ ತಿರುಗಿ ಕೂತಳು. ತನ್ನ ಹಾಲನ್ನು ತಾನೇ ಬಟ್ಟಲಿಗೆ ಹಿಂಡಿಕೊಂಡಳು.