ಗುಂಡಿಯಿಲ್ಲದ ಮುದ್ದೆ

ಮುನಿಲಕ್ಷ್ಮಿಗೆ ಹತ್ತೊಂಬತ್ತು. ಬುದ್ಧಿಯ ಬೆಳವಣಿಗೆ ನಿಧಾನ, ಹಟ ಮಾತ್ರ ಜೋರು. ಕೋಲಾರದ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಸುನಂದ ಮೇಡಂ ಅವಳಿಗೆ ಅಡುಗೆ ಕಲಿಸುತ್ತಿದ್ದರು. ಮುದ್ದೆ ತೊಳಸುವ ಕೋಲಿಗೆ ಮೇಡಂ ಕೈ ಹಾಕಿದರೆ ಸಾಕು, ಆ ಕೈ ತಳ್ಳಿ "ನಾನೇ" ಎನ್ನುತ್ತಿದ್ದಳು. ಮುದ್ದೆ ಕಟ್ಟಿದ ಮೇಲೆ ನೆತ್ತಿಗೆ ಹೆಬ್ಬೆರಳು ಒತ್ತಿ ತುಪ್ಪಕ್ಕೊಂದು ಗುಂಡಿ ಮಾಡುವುದು ಅವಳದೇ ಪದ್ಧತಿ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹೋಳೂರಿನ ಮನೆಯಲ್ಲಿ ಮಾತ್ರ ಅವಳನ್ನು ಒಲೆಯ ಹತ್ತಿರವೂ ಬಿಡುತ್ತಿರಲಿಲ್ಲ. "ಇವ್ಳ ಕೈ ಮುದ್ದೆ ಒಂದ್ಸಲ ಉಂಡು ನೋಡ್ತೀನಿ ಮೇಡಂ. ಚೆನ್ನಾಗಿದ್ರೆ ಒಲೆ ಬಿಟ್ಕೊಡ್ತೀನಿ," ಎಂದಿದ್ದರು ತಾಯಿ ಕದಿರಮ್ಮ.

ತಾಯಿ ಶಾಲೆಗೆ ಊಟಕ್ಕೆ ಬಂದ ದಿನವೇ ಎಡವಟ್ಟಾಯಿತು. ಸಂಭ್ರಮಕ್ಕೋ ಭಯಕ್ಕೋ, ಮುನಿಲಕ್ಷ್ಮಿ ಹಿಟ್ಟನ್ನೆಲ್ಲ ಒಮ್ಮೆಗೇ ಸುರಿದಳು. ಎಷ್ಟು ತೊಳಸಿದರೂ ಗಂಟು ಒಡೆಯಲಿಲ್ಲ. ಹಾಗೇ ಮುದ್ದೆ ಕಟ್ಟಿ, ಗುಂಡಿ ಒತ್ತಿ, ಕೈ ತೊಳೆಯಲು ಓಡಿದಳು.

ಸುನಂದ ಚಿವುಟಿ ನೋಡಿದರು. ಒಳಗೆ ಹಸಿ ಹಿಟ್ಟು. ಮುದ್ದೆಯೇನು ಅಗಿದು ತಿನ್ನುವ ಪದಾರ್ಥವೇ? ನುಂಗುವಾಗ ಈ ಗಂಟು ಕದಿರಮ್ಮನ ಗಂಟಲಿಗೆ ಸಿಕ್ಕಿದರೆ ಮುಗಿಯಿತು, ಹುಡುಗಿಗೆ ಒಲೆ ಸಿಗುವುದಿಲ್ಲ. ಇನ್ನೊಂದು ಸಲ ಅವಳಿಂದಲೇ ಮಾಡಿಸಬಹುದಿತ್ತು. ಕದಿರಮ್ಮನೇನು ಅರ್ಧ ಗಂಟೆ ಕಾಯದವರಲ್ಲ. ಆದರೆ ಮೇಡಂ ತಾಳ್ಮೆ ಪಾಠಕ್ಕಷ್ಟೇ ಸೀಮಿತ. ಟೀಚರುಗಳಿಗೆಂದು ತಾವು ಮಾಡಿಟ್ಟಿದ್ದ ನುಣುಪಾದ ಮುದ್ದೆಯನ್ನು ತಟ್ಟೆಗಿಟ್ಟರು. ಅವಳದನ್ನು ಸಿಲಿಂಡರ್ ಹಿಂದೆ ಸರಿಸಿ ಮೇಲೊಂದು ಬೋಸಿ ಪಾತ್ರೆ ಕವುಚಿದರು. ತಟ್ಟೆಯನ್ನು ಕದಿರಮ್ಮನ ಮುಂದಿಟ್ಟು, "ನಿಮ್ಮ ಮಗಳ ಕೈ ಮುದ್ದೆ," ಎಂದರು.

ಕದಿರಮ್ಮ ಒಂದು ತುತ್ತು ಮುರಿದು, ಹುರುಳಿ ಸಾರಿನಲ್ಲಿ ಅದ್ದಿ ನುಂಗಿದರು. ಅವರ ಕಣ್ಣು ತುಂಬಿ ಬಂತು.

"ಬೆಣ್ಣೆ ಹಂಗೈತೆ ಕಣೇ!"

ತುಪ್ಪದ ಬಟ್ಟಲು ಹಿಡಿದು ಬಂದ ಮುನಿಲಕ್ಷ್ಮಿ ತಟ್ಟೆಯನ್ನೇ ನೋಡುತ್ತ ನಿಂತಳು. "ಗುಂಡಿ ಇಲ್ಲ. ನಂದಲ್ಲ."

"ಸುಮ್ನಿರೇ. ಮೇಡಂ ಸುಳ್ಳು ಹೇಳ್ತಾರಾ?"

ಹುಡುಗಿ ಸುನಂದರ ಮುಖ ನೋಡಿದಳು. ಈಗಲಾದರೂ ನಿಜ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆಯೇ.

"ನಿಂದೇ ಕಣಮ್ಮಾ."

ಮುನಿಲಕ್ಷ್ಮಿ ತುಪ್ಪದ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ತಲೆ ತಗ್ಗಿಸಿ, "ಹೂಂ, ನಂದೇ," ಎಂದಳು. ಅವಳ ಬಾಯಲ್ಲಿ ಸುಳ್ಳು ಬಂದದ್ದನ್ನು ಸುನಂದ ಅಲ್ಲಿಯವರೆಗೆ ಕೇಳಿರಲಿಲ್ಲ. ನಾಚಿಕೆಯಿಂದ ಅವರಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ.

"ರಾತ್ರಿಗೆ ಮನೇಲಿ ನೀನೇ ಮಾಡ್ಬೇಕು. ಹಿಂಗೇ ಇರ್ಬೇಕು ನೋಡು," ಎಂದು ಕದಿರಮ್ಮ ಮಗಳ ತಲೆ ಸವರಿದರು. ಮೇಡಂಗೆ ಎರಡೂ ಕೈ ಮುಗಿದು ಬಸ್ಸಿಗೆ ಹೊರಟರು.

ಗೇಟಿನ ತನಕ ಹೋದ ಮುನಿಲಕ್ಷ್ಮಿ ಓಡಿ ವಾಪಸ್ ಬಂದಳು. ದಿನಾ ತಳ್ಳುತ್ತಿದ್ದ ಮೇಡಂ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮೇಡಂ, ರಾತ್ರಿ ನೀವೂ ಬರ್ತೀರಾ? ನಂಗ್ ಬರಲ್ಲ."