ಅಪ್ಪನ ಸ್ವೆಟರಿನ ಕರಡಿ

ಮ್ಯೂಸಿಯಂನಲ್ಲಿ ಇಂಟರ್ನ್ ಎಂದರೆ ಎಲ್ಲರಿಂದಲೂ ಕೆಲಸ ಹೇಳಿಸಿಕೊಳ್ಳುವ, ಆದರೆ ಯಾರಿಗೂ ಏನೂ ಹೇಳಲಾಗದ ಪ್ರಾಣಿ. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡಿಗೆ ತೆರೆಯುತ್ತಿದ್ದದ್ದು ಮಕ್ಕಳ ಕಲಾಕೋಣೆಯ ಬಾಗಿಲು ಮಾತ್ರ. ಆ ಕೋಣೆಯೊಳಗೆ ಮಾತ್ರ ನಾನೇ ರಾಣಿ. ಹಳೆಯ ಸಾಮಾನಿನಿಂದ ಹೊಸ ಕಲೆ ಮಾಡುವುದನ್ನು ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ನಾನೇ ಬರೆದಿದ್ದೆ: ‘ಇಲ್ಲಿ ಯಾವುದನ್ನೂ ಎಸೆಯುವುದಿಲ್ಲ.’

ಆ ಸಲ ಉಣ್ಣೆಯ ಸರದಿ. ಮಕ್ಕಳು ತೂತುಬಿದ್ದ ಕಾಲುಚೀಲ, ಟೋಪಿ, ಶಾಲು ಎಲ್ಲವನ್ನೂ ಹೊತ್ತು ತಂದರು. ಒಬ್ಬ ಹುಡುಗಿ ಮಾತ್ರ ಕಡುನೀಲಿ ಸ್ವೆಟರೊಂದನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು. ಮಾತುಮಾತಿಗೂ ‘ಯಾಕೆ’ ಎನ್ನುತ್ತಿದ್ದುದರಿಂದ ಉಳಿದ ಮಕ್ಕಳು ಅವಳಿಗೆ ‘ಯಾಕಮ್ಮ’ ಎಂದು ಹೆಸರಿಟ್ಟಿದ್ದರು.

“ಇದು ನಮ್ಮಪ್ಪಂದು. ಕತ್ತರಿ ಹಾಕಬಾರ್ದು ಅಂದಿದ್ದಾಳೆ ಅಮ್ಮ. ವಾಪಸ್ ಕೊಡ್ತೀರಾ ಅಕ್ಕ?”

“ಕೊಡ್ತೀನಿ ಕಣೇ.”

“ಹೀಗೇ ಕೊಡ್ತೀರಾ?”

“ಹೀಗೇ ಕೊಡ್ತೀನಿ. ಗೋಡೆ ಮೇಲೆ ಏನು ಬರ್ದಿದೆ ಓದು ನೋಡೋಣ.”

ಅವಳು ಗಟ್ಟಿಯಾಗಿ ಓದಿದಳು. ಆಮೇಲೇ ಸ್ವೆಟರ್ ನನ್ನ ಕೈಗೆ ಬಂದದ್ದು. ಅವಳ ಅಪ್ಪ ತೀರಿಕೊಂಡ ಮೇಲೆ ಅವರ ಬಟ್ಟೆಗಳನ್ನೆಲ್ಲ ನೆಂಟರು ಒಳ್ಳೆಯ ಮನಸ್ಸಿನಿಂದಲೇ ಅವರಿವರಿಗೆ ಹಂಚಿಬಿಟ್ಟಿದ್ದರಂತೆ. ಒಗೆಯಲು ನೆನೆಹಾಕಿದ್ದ ಇದೊಂದು ಉಳಿದುಕೊಂಡಿತ್ತು ಎಂದು ಅವಳ ಅಮ್ಮ ಬಾಗಿಲ ಹೊರಗೆ ನಿಂತು ಹೇಳಿದರು.

ನಮ್ಮಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಹೊರಗಿನಿಂದ ಬಂದ ಉಣ್ಣೆ ಏನೇ ಇರಲಿ, ಮೊದಲು ನೆಲಮಾಳಿಗೆಯ ಡೀಪ್ ಫ್ರೀಜರಿನಲ್ಲಿ ಕೆಲವು ದಿನ ಕೊರೆಯುವ ಚಳಿಯಲ್ಲಿರಬೇಕು. ಉಣ್ಣೆ ತಿನ್ನುವ ನುಸಿ, ಅದರ ಮೊಟ್ಟೆ ಎಲ್ಲ ಅಲ್ಲೇ ಸಾಯಬೇಕು. ಮಹಡಿಯ ಮೇಲೆ ನೂರಾರು ವರ್ಷ ಹಳೆಯ ರತ್ನಗಂಬಳಿಗಳಿವೆ. ಅವುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಹಿರಿಯರೊಬ್ಬರನ್ನು ನಾವು ನುಸಿ ಡಾಕ್ಟ್ರು ಎನ್ನುತ್ತಿದ್ದೆವು. ನಿಯಮದಂತೆ ಮಕ್ಕಳ ಉಣ್ಣೆಯನ್ನೆಲ್ಲ ಚೀಲಗಳಲ್ಲಿ ಕಟ್ಟಿ ನೆಲಮಾಳಿಗೆಯವರ ಕೈಗೆ ಕೊಟ್ಟೆ. ಸಮಯವಾದ ಮೇಲೆ ಅವೇ ಚೀಲಗಳು ವಾಪಸ್ ಬಂದವು.

ಯಾಕಮ್ಮ ಸ್ವೆಟರಿಗೆ ಕತ್ತರಿ ಮುಟ್ಟಿಸಲಿಲ್ಲ. ಸುತ್ತಿ, ಮಡಚಿ, ತೋಳುಗಳನ್ನು ಮುಂಗಾಲಾಗಿ ಗಲ್ಲದಡಿ ಸೇರಿಸಿ, ಸಡಿಲ ದಾರದಲ್ಲಿ ಎರಡು ಗುಂಡಿ ಹೊಲಿದು ಮಲಗಿರುವ ಕರಡಿ ಮಾಡಿದಳು. ದಾರ ಬಿಚ್ಚಿ ಕೊಡವಿದರೆ ಮತ್ತೆ ಅಪ್ಪನ ಸ್ವೆಟರ್. ನಾನು ಹೇಳಿಕೊಟ್ಟದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಪ್ರದರ್ಶನಕ್ಕೆಂದು ಎಲ್ಲವನ್ನೂ ಮಹಡಿಯ ಪಡಸಾಲೆಯಲ್ಲಿ ಜೋಡಿಸಿದೆವು. ಒಂದು ಬೆಳಿಗ್ಗೆ ನುಸಿ ಡಾಕ್ಟ್ರು ಬೆರಳ ತುದಿಯಲ್ಲಿ ಬೂದು ಬಣ್ಣದ ಪುಟ್ಟ ಪತಂಗವೊಂದನ್ನು ಹಿಡಿದು ಬಂದರು.

“ಇದು ಎಲ್ಲಿತ್ತು ಗೊತ್ತಾ? ನಿಮ್ಮ ಟೋಪಿಯೊಂದ್ರಲ್ಲಿ. ಫ್ರೀಜರ್‌ಗೆ ಹಾಕ್ಲಿಲ್ವಾ?”

ಹಾಕಿದ್ದೆವು. ಆದರೆ ಫ್ರೀಜರ್ ಓಡುತ್ತಿರಲಿಲ್ಲ. ಅದು ನಮ್ಮ ಮ್ಯೂಸಿಯಂನ ವಿದ್ಯುತ್ ಉಳಿತಾಯದ ತಿಂಗಳು. ನಮ್ಮ ಚೀಲಗಳು ಹೋಗುವ ಮೊದಲೇ ನಮ್ಮ ವಿಭಾಗದ ಮೇಡಂ ನೆಲಮಾಳಿಗೆಗೆ ಇಳಿದು, ಖಾಲಿ ಡಬ್ಬಕ್ಕೆ ಯಾಕೆ ಕರೆಂಟು ಎಂದು ಸ್ವಿಚ್ಚು ಆರಿಸಿದ್ದರು; ಆಮೇಲೆ ಯಾರೂ ಅದನ್ನು ಗಮನಿಸಿರಲಿಲ್ಲ. ಹಾಗೆ ಆರಿಸುವ ಫೋಟೋ ನೋಟಿಸ್ ಬೋರ್ಡಿನಲ್ಲಿ ಹಲ್ಲು ಬಿಟ್ಟುಕೊಂಡು ನೇತಾಡುತ್ತಿತ್ತು. ಪರಿಸರ ಕಾಪಾಡುವ ನಾವು ನುಸಿಯನ್ನೂ ಅಕ್ಕರೆಯಿಂದ ಕಾಪಾಡಿದ್ದೆವು.

ಈಗ ಫ್ರೀಜರ್ ಶುರುವಾಯಿತು, ಆದರೆ ಅದರ ತುಂಬ ರತ್ನಗಂಬಳಿಗಳು. ಮಕ್ಕಳದ್ದೆಲ್ಲ ಕಟ್ಟಡದಿಂದಲೇ ಆಚೆ ಹೋಗಬೇಕೆಂದು ಆಜ್ಞೆಯಾಯಿತು.

“ಆ ಕರಡಿ ಒಂದನ್ನ ಬಿಟ್ಕೊಡಿ ಸಾರ್,” ಎಂದು ಡಾಕ್ಟ್ರ ಬಳಿ ಗೋಗರೆದೆ. “ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಕಟ್ಟಿ ನಮ್ಮನೆ ಫ್ರಿಜ್ಜಲ್ಲಿ ಇಟ್ಕೋತೀನಿ.”

“ನಂಗೇನೂ ತೊಂದ್ರೆ ಇಲ್ಲಮ್ಮ. ಆದ್ರೆ ಮೇಡಂ ಸಹಿ ಇಲ್ದೆ ಇಲ್ಲಿಂದ ಒಂದು ಎಳೆ ಆಚೆ ಹೋಗಲ್ಲ.”

ಮೇಡಂ ಮೀಟಿಂಗಿನಲ್ಲಿದ್ದರು. ಒಳಗೆ ನುಗ್ಗಲು ನಾನು ಯಾರು? ಬಾಗಿಲ ಹೊರಗೆ ಗಂಟೆಗಟ್ಟಲೆ ಉಗುರು ಕಚ್ಚುತ್ತಾ ನಿಂತೆ. ಹೊರಬಂದವರು ನನ್ನ ಮುಖ ನೋಡಿ ಹೆಗಲು ತಟ್ಟಿದರು.

“ತಲೆ ಕೆಡಿಸ್ಕೋಬೇಡ. ಏನನ್ನೂ ಎಸೆದಿಲ್ಲ. ಒಳಗಿಂದ್ಲೇ ಸಹಿ ಹಾಕಿ ಎಲ್ಲಾ ಅರೆಯೋ ಮಿಲ್ಲಿಗೆ ಕಳಿಸಿದೀನಿ. ಬಿಸಿ ಮಾಡಿ, ಅರೆದು, ಹತ್ತಿ ಥರ ಮಾಡಿ ವಾಪಸ್ ಕೊಡ್ತಾರೆ. ಮಕ್ಕಳು ಅದನ್ನೇ ತುಂಬಿ ಹೊಸ ಗೊಂಬೆ ಮಾಡ್ಲಿ!”

ಮಿಲ್ಲಿಗೆ ಫೋನ್ ಹಚ್ಚಿದೆ. ಲೋಡು ಆಗಲೇ ಯಂತ್ರದ ಬಾಯಿಗೆ ಬಿದ್ದಾಯಿತು ಎಂದರು. ಅತ್ತ ಯಂತ್ರದ ಸದ್ದೂ ಕೇಳಿಸಿತು. ಯಾರನ್ನು ಬಯ್ಯಲಿ? ಡಾಕ್ಟ್ರ ಮಾತು ಸರಿ, ಮೇಡಂ ಮನಸ್ಸು ಒಳ್ಳೆಯದು. ಮೈಯೆಲ್ಲ ಉರಿಯುತ್ತಿತ್ತು, ಆ ಸಿಟ್ಟನ್ನು ಇಳಿಸಲು ಒಂದು ಜಾಗವಿರಲಿಲ್ಲ.

ಪ್ರದರ್ಶನಕ್ಕೆಂದು ಗೊತ್ತುಮಾಡಿದ್ದ ದಿನ ಯಾಕಮ್ಮ ಅಮ್ಮನ ಕೈ ಹಿಡಿದು ಬಂದಳು. ನಡೆದದ್ದನ್ನು ಅವಳ ಅಮ್ಮನಿಗೆ ಮೊದಲೇ ಫೋನಿನಲ್ಲಿ ಹೇಳಿದ್ದೆ. ಆಕೆ ಅತ್ತೂ ಇರಲಿಲ್ಲ, ಬೈದೂ ಇರಲಿಲ್ಲ; “ಅವಳಿಗೆ ನೀವೇ ಹೇಳಿ, ನನ್ನ ಕೈಲಾಗಲ್ಲ,” ಎಂದು ಫೋನ್ ಇಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಎಲ್ಲ ಮಕ್ಕಳಿಗೆ ಕೊಟ್ಟಂತೆ ಅವಳಿಗೂ ಒಂದು ಬಟ್ಟೆಚೀಲ ಕೊಟ್ಟರು. ಒಳಗೆ ಬೂದು ಬಣ್ಣದ ಅರೆದ ಉಣ್ಣೆ.

ಆಗ ಹೇಳಿದೆ. ಹೇಗೆ ಹೇಳಿದೆನೋ ನನಗೇ ನೆನಪಿಲ್ಲ. ಅವಳು ಕೇಳಿಸಿಕೊಂಡಳು. ಅಷ್ಟು ಮಾತಿನ ಹುಡುಗಿ ಒಂದು ಸಲವೂ ಯಾಕೆ ಎನ್ನಲಿಲ್ಲ. ಕಲಾಕೋಣೆಗೆ ಹೋಗಿ ಚೀಲವನ್ನು ಮೇಜಿನ ಮೇಲೆ ಸುರಿದುಕೊಂಡು ಕುಳಿತಳು.

“ಇದ್ರಲ್ಲಿ ನಮ್ಮಪ್ಪಂದು ಯಾವ್ದು ಅಕ್ಕ?”

ನನಗೇನು ಗೊತ್ತು? ಪಕ್ಕದಲ್ಲಿ ಕುಳಿತು ನಾನೂ ಹೆಕ್ಕತೊಡಗಿದೆ. ಕಡುನೀಲಿ ಎಂದು ಎತ್ತಿದ ಎಳೆ ಕಿಟಕಿಯ ಬೆಳಕಿಗೆ ಹಿಡಿದರೆ ಕಪ್ಪಾಗಿರುತ್ತಿತ್ತು. ಅವಳ ಅಮ್ಮ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ. ನನ್ನ ಕೈಯಿಂದ ಕಪ್ಪು ಎಳೆಯೊಂದು ನೆಲಕ್ಕೆ ಬಿತ್ತು. ಯಾಕಮ್ಮ ಬಗ್ಗಿ ಅದನ್ನು ಎತ್ತಿಕೊಂಡು ಮೇಜಿನ ಆಚೆ ಬದಿಗೆ ಜೋಪಾನವಾಗಿ ಇಟ್ಟಳು.

“ಇದೂ ಇರ್ಲಿ ಅಕ್ಕ,” ಎಂದಳು. “ಇನ್ಯಾರ ಅಪ್ಪಂದೋ ಏನೋ.”